ದಿನಕ್ಕೊಂದು ದೊಡ್ಡ ಪದ, ಫೀ ಮೊದಲು

ರಾಯಚೂರಿನಲ್ಲಿ ತಪ್ಪು ಇಂಗ್ಲಿಷ್ ಮಾತಾಡುವವರಿಂದ ಇಲ್ಲಿತನಕ ಯಾರಿಗೂ ತೊಂದರೆ ಆಗಿರಲಿಲ್ಲ. ಗಂಜ್‌ನಲ್ಲಿ ಹತ್ತಿ ವ್ಯಾಪಾರದವರು ‘ರೇಟ್ ಡೌನ್’, ‘ಲೋಡ್ ಕ್ಯಾನ್ಸಲ್’ ಅಂತ ಎರಡೆರಡು ಪದದಲ್ಲೇ ಲಕ್ಷಗಟ್ಟಲೆ ವ್ಯವಹಾರ ಮುಗಿಸಿ ಚಹಾ ಕುಡಿಯುತ್ತಿದ್ದರು. ತೊಂದರೆ ಶುರುವಾದದ್ದು ಊರಿಗೆ ಸರಿಯಾದ ಇಂಗ್ಲಿಷ್ ಬಂದ ಮೇಲೆ.

ಇಲ್ಲಿನ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿನವರು ದಿನಕ್ಕೊಂದು ಭಾರೀ ಪದ ಕೊಡುತ್ತಾರೆ. ಬೆಳಿಗ್ಗೆ ಬೋರ್ಡಿನ ಮೇಲೆ ಪದ ಬೀಳುತ್ತದೆ. ಸಂಜೆಯೊಳಗೆ ಅದನ್ನು ನಿತ್ಯದ ಮಾತಿನಲ್ಲಿ, ವ್ಯಾಕರಣ ತಪ್ಪದ ಹಾಗೆ, ಜೀವಂತ ಮನುಷ್ಯನೊಬ್ಬನ ಮುಂದೆ ಆಡಿ ಬರಬೇಕು. ಆ ಮನುಷ್ಯನಿಗೆ ತಿಳಿಯಬೇಕು ಎಂಬ ಷರತ್ತು ಇಲ್ಲ. ಗೋಡೆಯ ಮೇಲೆ ಶಶಿ ತರೂರ್ ಅವರ ಫೋಟೋ ಇದೆ. 2017ರಲ್ಲಿ ಅವರು ಟ್ವೀಟಿನಲ್ಲಿ ‘ಫ್ಯಾರಾಗೋ’ ಎಂದು ಬರೆದು ದೇಶದ ಜನರನ್ನೆಲ್ಲ ಡಿಕ್ಷನರಿ ಹತ್ತಿರ ಓಡಿಸಿದ್ದರಲ್ಲ, ಅದರ ಭಕ್ತಿಗೆ. ಊದಿನಕಡ್ಡಿ ಮಾತ್ರ ಇನ್ನೂ ಹಚ್ಚಿಲ್ಲ.

ಮೊದಲ ವಾರ ಹುಡುಗನೊಬ್ಬ ಮನೆಯಲ್ಲಿ ಊಟಕ್ಕೆ ಕೂತು, “ಹೆನ್ಸ್‌ಫೋರ್ತ್ ಐ ಶಲ್ ಕನ್ಸ್ಯೂಮ್ ಓನ್ಲಿ ಟೂ ರೊಟ್ಟೀಸ್” ಎಂದ. ವಾಕ್ಯದಲ್ಲಿ ಎಳ್ಳಷ್ಟೂ ತಪ್ಪಿಲ್ಲ, ಹತ್ತಕ್ಕೆ ಹತ್ತು. ತಾಯಿ ಹಣೆ ಮುಟ್ಟಿ, “ಯಾಕೋ ಯಪ್ಪಾ, ಜ್ವರ ಬಂದಾವೇನು?” ಎಂದಳು. ಇನ್ನೊಬ್ಬ ತೀನ್ ಕಂದೀಲ್ ಹತ್ತಿರ ಮಿರ್ಚಿ ಬಂಡಿಯ ಮುಂದೆ ನಿಂತು, “ಕೈಂಡ್ಲಿ ಫರ್ನಿಶ್ ಮಿ ವಿತ್ ಫೋರ್ ಮಿರ್ಚೀಸ್” ಅಂದ. ಬಂಡಿಯವನು ಝಾರಿ ಎತ್ತಿ ದಾರಿ ತೋರಿಸಿದ: “ಫರ್ನಿಚರ್ ಅಂಗಡಿ ಮುಂದೈತಿ ತಮ್ಮಾ.” ಅವನಿಗೂ ಹತ್ತಕ್ಕೆ ಹತ್ತು. ಮಿರ್ಚಿ ಸಿಗಲಿಲ್ಲ, ಆದರೆ ಮಿರ್ಚಿ ಸಿಲೆಬಸ್‌ನಲ್ಲಿ ಇರಲಿಲ್ಲವಲ್ಲ.

ಇಷ್ಟಾದರೂ ಮೇಷ್ಟ್ರ ಅದೃಷ್ಟ ದೊಡ್ಡದು. ಉದಾಹರಣೆಗೆ ಬರವೇ ಇಲ್ಲದ ಊರು ಅವರಿಗೆ ಸಿಕ್ಕಿದೆ. ಹಾಳುಬಿದ್ದದ್ದು ಎಂಬರ್ಥದ ‘ಡಿಲ್ಯಾಪಿಡೇಟೆಡ್’ ಪದಕ್ಕೆ ಕಿಟಕಿ ತೆರೆದರೆ ಸಾಕು. ಬಿಟ್ಟುಬಿಟ್ಟು ಬರುವುದಕ್ಕೆ ಹೇಳುವ ‘ಇಂಟರ್ಮಿಟೆಂಟ್’ ಬಂದ ದಿನ ಇಡೀ ಬ್ಯಾಚ್ ಪಾಸು. 1985ರಿಂದ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ರಾಜ್ಯಕ್ಕೆ ಕರೆಂಟು ಕಳಿಸುವ ಜಿಲ್ಲೆ ನಮ್ಮದು. ಬೂದಿ ಪೂರ್ತಿ ನಮಗೇ, ಕರೆಂಟು ಮಾತ್ರ ಬಂದಾಗ ಬಂತು.

ತಕರಾರು ಬಂದದ್ದು ‘ಇಮ್ಮಿನೆಂಟ್’ ಪದಕ್ಕೆ. ಒಬ್ಬ ಹುಡುಗಿ ‘ಏಮ್ಸ್ ಇನ್ ರಾಯಚೂರು ಈಸ್ ಇಮ್ಮಿನೆಂಟ್’ ಎಂದು ಬರೆದಿದ್ದಳು. ಮೇಷ್ಟ್ರು ಕೆಂಪು ಪೆನ್ನು ತೆಗೆದರು. ಮೋಡ ಕಪ್ಪಾಗಿ ಗಾಳಿ ಬಿಟ್ಟಾಗ ಮಳೆಗೆ ಆಡುವ ಪದ ಅದು. 2022ರ ಮೇ ತಿಂಗಳಲ್ಲಿ ಏಮ್ಸ್ ಕೊಡಿ ಎಂದು ಧರಣಿ ಕೂತ ಜನ ಸಾವಿರ ದಿನ ದಾಟಿದರೂ ಎದ್ದಿರಲಿಲ್ಲ. ಅಂಥದ್ದಕ್ಕೆ ಇಮ್ಮಿನೆಂಟ್ ಅಂದರೆ ಭಾಷೆಗೆ ಅಪಚಾರ. ಅವರು ತಿದ್ದಿಕೊಟ್ಟ ವಾಕ್ಯ: ‘ದಿ ಮ್ಯಾಟರ್ ಈಸ್ ಅಂಡರ್ ಆಕ್ಟಿವ್ ಕನ್ಸಿಡರೇಶನ್.’

“ಸರ್, ಇದ್ರಾಗ ಆಕ್ಟಿವ್ ಯಾಕ ಬೇಕ್ರೀ?”

“ಅದಿಲ್ಲಂದ್ರ ಫಾರ್ಮಲ್ ಅನಿಸಂಗಿಲ್ಲವಾ.”

ಹುಡುಗಿ ಸುಮ್ಮನಾದಳು. ಕೊಡುವವರಿಗೆ ಅಕ್ಷರದ ವಿಷಯದಲ್ಲಿ ಜಿಪುಣತನ ಇಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಇಲ್ಲಿನವರು ಐಐಟಿ ಕೇಳಿದ್ದರು. ಅದು 2016ರಲ್ಲಿ ಧಾರವಾಡದಲ್ಲಿ ಶುರುವಾಯಿತು. ನಮಗೆ 2019ರಲ್ಲಿ ಐಐಐಟಿ ಬಂತು. ಕೇಳಿದ್ದಕ್ಕಿಂತ ಒಂದು ಅಕ್ಷರ ಜಾಸ್ತಿಯೇ.

ತಿಳಿಯದ ಮಾತಿಗೆ ಕೈಮುಗಿಯುವುದು ಈ ಸೀಮೆಗೆ ಹೊಸದಲ್ಲ. 1948ರ ಸೆಪ್ಟೆಂಬರ್‌ವರೆಗೆ ರಾಯಚೂರು, ಕೊಪ್ಪಳ ನಿಜಾಮರ ಕೈಯಲ್ಲಿದ್ದವು. ದಫ್ತರದ ಭಾಷೆ ಉರ್ದು. ಹೊಲದ ತಂಟೆ ಕನ್ನಡದಲ್ಲಿ ಹುಟ್ಟುತ್ತಿತ್ತು, ಅರ್ಜಿ ಬರೆಯುವವನ ಕೈಗೆ ಹೋಗಿ ಉರ್ದುವಿನಲ್ಲಿ ಅದಬು ಕಲಿಯುತ್ತಿತ್ತು, ಫೈಸಲಾ ಆಗಿ ತಿರುಗಿ ಬರುವಾಗ ಹೊಲ ಉಳಿಯಿತೋ ಹೋಯಿತೋ ಎಂದು ಕೇಳಲು ಇನ್ನೊಬ್ಬನಿಗೆ ದುಡ್ಡು ಕೊಡಬೇಕಿತ್ತು. ಅತ್ತ ಬಳ್ಳಾರಿಯವರು 1953ರ ತನಕ ಮದ್ರಾಸಿನ ಕೆಳಗೆ ಇದ್ದು ಇದನ್ನೆಲ್ಲ ಇಂಗ್ಲಿಷಿನಲ್ಲಿ ಅನುಭವಿಸಿದರು. ಅಷ್ಟೇ ಫರಕು.

ಇಂಗ್ಲಿಷಿನವರ ಕಥೆಯೂ ಇದೇ. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದು ದರಬಾರು, ಕೋರ್ಟು ಎಲ್ಲ ತಮ್ಮ ಭಾಷೆಗೆ ತಿರುಗಿಸಿಕೊಂಡರು. ಮನೆಮಂದಿಯ ‘ಬಿಗಿನ್’, ‘ಬೈ’ ಅಡುಗೆಮನೆಯಲ್ಲೇ ಉಳಿದವು. ಗೆದ್ದವರ ‘ಕಮೆನ್ಸ್’, ‘ಪರ್ಚೇಸ್’ ಗಾದಿ ಏರಿದವು. ಒಂಬೈನೂರು ವರ್ಷ ಆ ಗಾದಿಯ ಭಾರ ಹೊತ್ತು ಸಾಕಾಗಿ, 1979ರಲ್ಲಿ ಬ್ರಿಟನ್ನಿನಲ್ಲಿ ಕ್ರಿಸ್ಸಿ ಮಾಹರ್ ಎಂಬ ಹೆಣ್ಣುಮಗಳು ಸರಳ ಇಂಗ್ಲಿಷಿಗಾಗಿ ಚಳವಳಿಯನ್ನೇ ಹೂಡಿದಳು. ಅಮೆರಿಕದಲ್ಲಿ 2010ರಲ್ಲಿ ಕಾನೂನೇ ಬಂತು: ಸರಕಾರಿ ಕಾಗದ ಜನರಿಗೆ ತಿಳಿಯುವ ಹಾಗೆ ಬರೆಯಿರಿ ಅಂತ. ಅವರು ಅಲ್ಲಿ ಹೊರಗೆ ಹಾಕಿದ ಸರಕನ್ನು ನಾವಿಲ್ಲಿ ಕಂತಿನ ಮೇಲೆ ಕೊಳ್ಳುತ್ತಿದ್ದೇವೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಚೈನು ಕಿತ್ತು ಕೊಚ್ಚಿಹೋಯಿತಲ್ಲ, ಡ್ಯಾಮು ತುಂಬಿ ನಿಂತಿತ್ತು. ನದಿ ದಂಡೆಯ ಊರುಗಳಲ್ಲಿ “ಗೇಟ್ ಹೋಗ್ಯಾವಂತ, ಹೊಳಿ ಕಡೆ ಹೋಗಬ್ಯಾಡ್ರಿ” ಎಂಬ ಮಾತು ಬೆಳಗಾಗುವುದರೊಳಗೆ ಹರಡಿತು. ಮೇಷ್ಟ್ರು ಇದನ್ನೂ ಬಿಡಲಿಲ್ಲ. ‘ರೆಸಿಡೆಂಟ್ಸ್ ಆರ್ ಹಿಯರ್‌ಬೈ ಅಡ್ವೈಸ್ಡ್ ಟು ರಿಫ್ರೇನ್ ಫ್ರಮ್’ ಎಂದು ಶುರುಮಾಡಿ ಬೋರ್ಡಿನ ಮೇಲೆ ನಾಲ್ಕು ಸಾಲು ಬರೆಸಿದರು. ಹುಡುಗರು ಅದನ್ನು ನಕಲು ಮಾಡಿಕೊಳ್ಳುವಷ್ಟರಲ್ಲಿ ಹೊಳೆ ಕಂಪ್ಲಿ ದಾಟಿರುತ್ತಿತ್ತು.

ಈಗ ಹೊಸ ಸುದ್ದಿ. ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋದ ಹಳೆ ಹುಡುಗರೊಂದಿಷ್ಟು ಜನ ವಾಪಸ್ ಬಂದಿದ್ದಾರೆ. ಅಲ್ಲಿ ಕಂಪನಿಯವರು, ನೀವು ಹೇಳುವುದು ಗೊತ್ತಾಗುತ್ತಿಲ್ಲ, ಸ್ವಲ್ಪ ಸಿಂಪಲ್ ಆಗಿ ಮಾತಾಡಿ ಅಂದರಂತೆ. ಮೇಷ್ಟ್ರು ಎದೆಗುಂದುವ ಪೈಕಿ ಅಲ್ಲ. ಮರುದಿನವೇ ಬಸ್ ಸ್ಟ್ಯಾಂಡ್ ಹತ್ತಿರ ಫ್ಲೆಕ್ಸ್ ಎದ್ದಿತು: ಅಡ್ವಾನ್ಸ್ಡ್ ಕೋರ್ಸ್. ‘ಕಮೆನ್ಸ್’ ಅನ್ನುವ ಕಡೆ ‘ಸ್ಟಾರ್ಟ್’ ಅನ್ನುವುದು ಹೇಗೆ, ‘ಪರ್ಚೇಸ್’ ಮರೆತು ‘ಬೈ’ ಅನ್ನಲು ನಾಲಿಗೆಯನ್ನು ಒಪ್ಪಿಸುವುದು ಹೇಗೆ, ಎಲ್ಲ ಆರು ತಿಂಗಳಲ್ಲಿ. ಫೀ ಮೊದಲಿನ ಎರಡು ಪಟ್ಟು. ಹಳೆ ವಿದ್ಯಾರ್ಥಿಗಳಿಗೆ ಕನ್ಸೆಶನ್ ಉಂಟು, ಆದರೆ ಅದರ ಅರ್ಜಿಯನ್ನು ಫಾರ್ಮಲ್ ಇಂಗ್ಲಿಷಿನಲ್ಲೇ ಬರೆದು ಕೊಡಬೇಕು.