ಕೊತ್ತಂಬರಿ ಬೀಜಕ್ಕೆ ಕುದಿಯುವ ನೀರು ಹಾಕಬೇಡಿ

"ಕೊತ್ತಂಬರಿ ಬೀಜದ ಮೇಲೆ ಕುದಿಯುವ ನೀರು ಸುರಿದರೆ 3 ದಿನಕ್ಕೆ ಮೊಳಕೆ, ಬೇಸಿಗೆಯೇ ಒಳ್ಳೆ ಕಾಲ" ಅಂತ ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಎರಡೂ ತಪ್ಪು. ಕುದಿಯುವ ನೀರಿಗೆ ಒಳಗಿನ ಜೀವವೇ ಬೆಂದು ಹೋಗುತ್ತದೆ.

ಒಂದು ಕಾಳನ್ನು ಅಂಗೈ ಮೇಲಿಟ್ಟು ನೋಡಿ. ನಾವು ಒಂದೇ ಬೀಜ ಅಂದುಕೊಳ್ಳುವುದು ನಿಜಕ್ಕೂ ಒಣಗಿದ ಕಾಯಿ. ಒಳಗೆ ಎರಡು ಬೀಜ ಇರುತ್ತವೆ. ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿದರೆ ಟಪ್ ಅಂತ ಎರಡು ಹೋಳಾಗುತ್ತದೆ. ಜೋರು ಬೇಡ, ಪುಡಿಯಾದರೆ ಹುಟ್ಟುವುದಿಲ್ಲ. ಹೋಳುಗಳನ್ನು ರಾತ್ರಿ ತಣ್ಣೀರಲ್ಲಿ ನೆನೆಸಿ, ಬೆಳಿಗ್ಗೆ ಅರ್ಧ ಇಂಚು ಆಳಕ್ಕೆ ಬಿತ್ತಿ. ಮೊಳಕೆ ಕಾಣಲು 7ರಿಂದ 15 ದಿನ ಬೇಕೇ ಬೇಕು. ನಾಲ್ಕನೇ ದಿನಕ್ಕೇ ಮಣ್ಣು ಕೆದಕಿ ನೋಡಬೇಡಿ, ಎಳೆ ಬೇರು ಮುರಿಯುತ್ತದೆ.

ಇನ್ನು ಬೇಸಿಗೆ. ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ವಾ? ಆ ಸೆಕೆಗೆ ಗಿಡ ಸೊಪ್ಪು ಬಿಡುವ ಮೊದಲೇ ಹೂವಿಗೆ ಬರುತ್ತದೆ. ಅಕ್ಟೋಬರ್‌ನಿಂದ ಜನವರಿವರೆಗೆ ಹಿತ. ಬೇಸಿಗೆಯಲ್ಲೇ ಬಿತ್ತಬೇಕೆಂದರೆ ಮಧ್ಯಾಹ್ನ ನೆರಳು ಬೀಳುವ ಕಡೆ ಕುಂಡ ಇಡಿ. ಸಸಿ ಕಿತ್ತು ನೆಡಬೇಡಿ, ತಾಯಿಬೇರಿಗೆ ಪೆಟ್ಟಾದರೆ ಗಿಡ ಸೊರಗುತ್ತದೆ.

ಪುದೀನಕ್ಕೆ ಬೀಜವೇ ಬೇಡ. ಮಾರುಕಟ್ಟೆಯಿಂದ ತಂದ ಕಟ್ಟಿನ ಒಂದು ದಪ್ಪ ಕಡ್ಡಿ ನೀರಲ್ಲಿಟ್ಟರೆ ಒಂದೆರಡು ವಾರದಲ್ಲಿ ಬೇರು ಬಿಡುತ್ತದೆ.