‘ಮೈಸೂರು ಮಲ್ಲಿಗೆ’ಗೆ ಅಕಾಡೆಮಿ ಪ್ರಶಸ್ತಿ ಬಂದಿಲ್ಲ

ಕೆ.ಎಸ್. ನರಸಿಂಹಸ್ವಾಮಿ ಅವರಿಗೆ ‘ಮೈಸೂರು ಮಲ್ಲಿಗೆ’ಗಾಗಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು ಎಂಬ ಸಾಲು ಮಂಡ್ಯದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅದನ್ನು ಯಾರೂ ದಯವಿಟ್ಟು ವಿಕಿಪೀಡಿಯಕ್ಕೆ ಏರಿಸಬೇಡಿ. ಮಲ್ಲಿಗೆ ಅರಳಿದ್ದು 1942ರಲ್ಲಿ. ಅಕಾಡೆಮಿ ಹುಟ್ಟಿದ್ದೇ 1954ರಲ್ಲಿ. ಪ್ರಶಸ್ತಿ ಸಂದದ್ದು 1977ರಲ್ಲಿ, ‘ತೆರೆದ ಬಾಗಿಲು’ ಸಂಕಲನಕ್ಕೆ. ಒಂದು ಪುಸ್ತಕವನ್ನು ತಲೆಯ ಮೇಲೆ ಹೊತ್ತು ಮೆರೆಸಿ, ಕವಿಯ ಉಳಿದ ಬರವಣಿಗೆಯನ್ನು ಮೂಲೆಗೆ ಸರಿಸುವ ಚಾಳಿ ನಮಗಿದೆ.

ಇನ್ನು ಕವಿಯ ಹುಟ್ಟೂರು ಕಿಕ್ಕೇರಿಯನ್ನು ಮಂಡ್ಯ ಜಿಲ್ಲೆಯದು ಎನ್ನಬೇಕೋ ಮೈಸೂರು ಜಿಲ್ಲೆಯದು ಎನ್ನಬೇಕೋ ಎಂಬ ತಕರಾರು. ಕಿಕ್ಕೇರಿ ಇರುವುದು ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ, ನಿಜ. ಆದರೆ ಕವಿ ಹುಟ್ಟಿದ 1915ರಲ್ಲಿ ಮಂಡ್ಯ ಜಿಲ್ಲೆಯೇ ಇರಲಿಲ್ಲ; ಅದು ಮೈಸೂರಿನಿಂದ ಬೇರೆಯಾದದ್ದು 1939ರಲ್ಲಿ. ‘ಈಗಿನ ಮಂಡ್ಯ ಜಿಲ್ಲೆ’ ಎಂದು ಬರೆದರೆ ಎರಡೂ ಕಡೆಯವರ ಜಗಳ ಮುಗಿಯುತ್ತದೆ.