ಎಮ್ಮೆ ಬಂತು, ಚೇಳು ಬಂತು

ಆಜ್ಞೆಯನ್ನು ಅರ್ಧ ಟೈಪ್ ಮಾಡಿರುವಾಗಲೇ ಅದರ ಮೇಲೆ ಮತ್ತೆ ಆ ಸಾಲು ಬಂದು ಕುಳಿತಿತು: ಯುಎಸ್‌ಬಿ ಸಾಧನದ ವಿವರ ಓದಲಾಗಲಿಲ್ಲ, ಎರರ್ ಮೈನಸ್ 71. ಯಾದಗಿರಿಯ ಮೇ ತಿಂಗಳ ಮಧ್ಯಾಹ್ನ, ಫ್ಯಾನು ಬಿಸಿಗಾಳಿಯನ್ನೇ ಕಲಕುತ್ತಿರುವಾಗ, ಲಿನಕ್ಸ್ ಕರ್ನಲ್‌ನ, ಅಂದರೆ ಯಂತ್ರವನ್ನು ನಡೆಸುವ ತಂತ್ರಾಂಶದ ತಿರುಳಿನ, ಈ ಚಾಡಿ ಯಾರಿಗೆ ಬೇಕಿತ್ತು?

ಹಟಕ್ಕೆ ಬಿದ್ದೆ. ಕರ್ನಲ್‌ನ ಆಯ್ಕೆಗಳ ಪಟ್ಟಿಯಾದ ಮೆನುಕಾನ್ಫಿಗ್ ತೆರೆದು, ಯಾವ ಸಂದೇಶ ಪರದೆಗೆ ಬರಬೇಕೆಂದು ತೀರ್ಮಾನಿಸುವ ಕನ್ಸೋಲ್ ಲಾಗ್‌ಲೆವೆಲ್ 7 ಇದ್ದದ್ದನ್ನು 4 ಮಾಡಿ, ಇಡೀ ಕರ್ನಲ್ ಅನ್ನೇ ಕಂಪೈಲ್‌ಗೆ, ಅಂದರೆ ಮೂಲ ಕೋಡ್‌ನಿಂದ ಹೊಸದಾಗಿ ಕಟ್ಟಲು, ಹಾಕಿದೆ. ನಡುವೆ ಎರಡು ಸಲ ಕರೆಂಟ್ ಹೋಯಿತು. ರಾತ್ರಿ ಹನ್ನೊಂದಕ್ಕೆ ಹೊಸ ಕರ್ನಲ್ ಕಣ್ಣು ಬಿಟ್ಟು ಆಡಿದ ಮಾತು: ಎರರ್ ಮೈನಸ್ 71.

ತಪ್ಪು ನನ್ನದೇ. ಕರ್ನಲ್‌ನ ಪ್ರತಿ ಸಂದೇಶಕ್ಕೂ ತೀವ್ರತೆಯ ಒಂದು ಅಂಕೆ ಇರುತ್ತದೆ; ಲಾಗ್‌ಲೆವೆಲ್‌ಗೆ ಕೊಟ್ಟ ಅಂಕೆಗಿಂತ ಕಡಿಮೆಯವೆಲ್ಲ ಪರದೆಗೆ ಬರುತ್ತವೆ. ಎರರ್‌ನ ಅಂಕೆ 3 (ಮೈನಸ್ 71 ಆ ದೋಷದ ಗುರುತು ಸಂಖ್ಯೆ ಅಷ್ಟೇ). ಸೊನ್ನೆ ಎಂದರೆ ಯಂತ್ರ ಮುಳುಗಿತು, 7 ಎಂದರೆ ದೋಷ ಹುಡುಕುವವರಿಗೆಂದೇ ಇರುವ ಬರೀ ಡೀಬಗ್ ಹರಟೆ. ಒಟ್ಟು ಎಂಟು ಮೆಟ್ಟಿಲು.

ನಮ್ಮ ಕಾಕಾ ಅವರಿಗೆ ಇರುವುದು ಒಂದೇ ಮೆಟ್ಟಿಲು, ಅದೂ ಬಾಗಿಲ ಮುಂದಿನ ಶಹಾಬಾದ್ ಕಲ್ಲಿನದು. ಬೆಳಿಗ್ಗೆ ಅಲ್ಲಿ ಕುಳಿತರೆಂದರೆ ‘ಹಾಲು ಬಂತು’, ‘ನಳ ಬಂತು’, ‘ಎದುರು ಮನೆಯ ಎಮ್ಮೆ ಹೋಯಿತು’, ‘ಅದೇ ಎಮ್ಮೆ ಬಂತು’. ಒಂದು ಮಳೆಗಾಲದ ಬೆಳಿಗ್ಗೆ ಅದೇ ರಾಗದಲ್ಲಿ ‘ಚೇಳು ಬಂತು’ ಎಂದರು. ನಾನು ಹೂಂ ಎಂದು ಚಹಾ ಮುಗಿಸಿ, ಬೂಟಿನೊಳಗೆ ಕಾಲಿಟ್ಟೆ. ಹೆಬ್ಬೆರಳಿಗೆ ಕುಟುಕಿತು.

“ಜೋರಾಗಿ ಹೇಳಬಾರದಿತ್ತೇ ಕಾಕಾ?”

“ಹೇಳಿದೆನಲ್ಲ ತಮ್ಮಾ. ನೀನು ಹೂಂ ಎಂದೆ.”

ಅವರಾದರೂ ಏನು ಮಾಡಿಯಾರು? ನಮ್ಮ ಜಿಲ್ಲೆಯ ಕಂದಕೂರಿನಲ್ಲಿ ನಾಗರ ಪಂಚಮಿಯ ದಿನ ಜನ ಗುಡ್ಡ ಹತ್ತಿ, ಕಲ್ಲು ಸರಿಸಿ, ಚೇಳು ಹಿಡಿದು ಅಂಗೈ ಮೇಲೆ, ಮುಖದ ಮೇಲೆ ಬಿಟ್ಟುಕೊಳ್ಳುತ್ತಾರೆ. ವರ್ಷವೂ ಅಲ್ಲಿಗೆ ಹೋಗಿಬರುವ ಕಾಕಾ ಅವರಿಗೆ ಚೇಳು, ಎಮ್ಮೆ ಎಲ್ಲ 6ನೆಯ ಮಟ್ಟದ ಸಮಾಚಾರ. ನನ್ನ ಹೆಬ್ಬೆರಳಿನ ಲೆಕ್ಕ ಬೇರೆ. ಆಮೇಲೆ ಒಂದು ವಾರ ಅವರು ‘ಬಂತು’ ಎಂದಾಗಲೆಲ್ಲ ಕಾಲನ್ನು ಮಂಚದ ಮೇಲೆತ್ತಿದೆ. ಹಾಲಿಗೂ ಎತ್ತಿದೆ, ಎಮ್ಮೆಗೂ ಎತ್ತಿದೆ. ಎಂಟನೆಯ ದಿನ ಮತ್ತೆ ಹೂಂ.

ಇರಲಿ. ಲಾಗ್‌ಲೆವೆಲ್ ಅನ್ನು 3ಕ್ಕೆ ಇಳಿಸಲು ಕಂಪೈಲ್ ಬೇಕಿರಲಿಲ್ಲ. ಡಿಮೆಸೇಜ್ ಎಂಬ ಆಜ್ಞೆಯ ಒಂದು ಸಾಲು ಸಾಕಾಗಿತ್ತು, ಮಧ್ಯಾಹ್ನವೇ ಸಾಕಾಗಿತ್ತು. ಇದನ್ನು ಯಾರಿಗೂ ಹೇಳಿಲ್ಲ. ಪರದೆ ತಣ್ಣಗಾಯಿತು. ಒಳಗಿನ ಬಫರ್‌ನಲ್ಲಿ ಕರ್ನಲ್ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಲೇ ಇತ್ತು, ಇಟ್ಟುಕೊಳ್ಳಲಿ.

ಬೆಳಿಗ್ಗೆ ಕಾಕಾ ಮೇಜಿನ ಕೆಳಗೆ ಬಗ್ಗಿ ನೋಡಿ, “ಈ ಮೌಸಿನ ವೈರನ್ನು ಇಲಿ ಕಡಿದಿದೆ” ಎಂದರು.

“ಯಾವಾಗ?”

“ಮೊನ್ನೆಯೇ ಹೇಳಿದ್ದೆನಲ್ಲ ತಮ್ಮಾ.”